‘ತಪ್ಪಾಯ್ತು ಸ್ವಾಮಿ’ ಅಂದ ಮೇಲೆ

766ನೇ ರಾಷ್ಟ್ರೀಯ ಹೆದ್ದಾರಿ ತಿ. ನರಸೀಪುರವನ್ನೂ ನಂಜನಗೂಡನ್ನೂ ಹಾದು ಹೋಗುತ್ತದೆ. ಎರಡೂ ಊರಿನ ತಾಲ್ಲೂಕು ಕೋರ್ಟುಗಳಿಗೆ ಅಪಘಾತದ ಕೇಸು ಹೊಸದಲ್ಲ. ಟೆಂಪೋ ಓಡಿಸುವವನೊಬ್ಬ ವಾಯಿದೆಗೆ ಬಂದಿದ್ದಾನೆ ಎಂದುಕೊಳ್ಳಿ. ಆ ದಿನದ ಬಾಡಿಗೆ ಹೋಯಿತು, ಇನ್ನೆಷ್ಟು ವಾಯಿದೆಯೋ ತಿಳಿಯದು. ‘ಒಪ್ಕೊಂಡ್ಬಿಡು, ದಂಡ ಕಟ್ಟಿ ಮನೆಗೆ ಹೋಗು’ ಎಂದು ಯಾರೋ ಕಿವಿಯಲ್ಲಿ ಊದುತ್ತಾರೆ. ಅವನು ಕೈಮುಗಿದು ‘ತಪ್ಪಾಯ್ತು ಸ್ವಾಮಿ’ ಅನ್ನುತ್ತಾನೆ.

ನಮ್ಮ ಸೀಮೆಯಲ್ಲಿ ಈ ಮಾತು ತಪ್ಪೊಪ್ಪಿಗೆಯೇ ಆಗಬೇಕೆಂದಿಲ್ಲ. ಬಸ್ಸಿನಲ್ಲಿ ಕಾಲು ತುಳಿದರೂ, ಜಗಳ ಮುಗಿಸಬೇಕಾದರೂ ಅದನ್ನೇ ಹೇಳುತ್ತೇವೆ. ಕಾನೂನಿನ ಕಿವಿಗೆ ಮಾತ್ರ ಅದು ಅಜಾಗರೂಕತೆಯನ್ನೂ ಅದರಿಂದಾದ ಸಾವನ್ನೋ ಗಾಯವನ್ನೋ ಒಟ್ಟಿಗೆ ಒಪ್ಪಿಕೊಂಡಂತೆ ಕೇಳಿಸುತ್ತದೆ. ತಪ್ಪೊಪ್ಪುವ ಪದ್ಧತಿಯ ದೋಷವೆಲ್ಲ ಈ ಎರಡು ಅರ್ಥಗಳ ನಡುವಿನ ಸಂದಿನಲ್ಲಿದೆ.

ಏಕೆಂದರೆ ಆಮೇಲಿನ ದಾರಿ ಕಿರಿದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 375ನೇ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಮು ಹೇಳುವುದು ಒಂದೇ: ತಪ್ಪೊಪ್ಪಿದವನು ಶಿಕ್ಷೆಯ ಪ್ರಮಾಣ, ಅದರ ಕಾನೂನುಬದ್ಧತೆ ಇವೆರಡರ ಬಗ್ಗೆ ಮಾತ್ರ ಮೇಲ್ಮನವಿ ಹಾಕಬಹುದು. ‘ನಾನು ತಪ್ಪಿತಸ್ಥನೇ ಅಲ್ಲ’ ಎಂಬ ವಾದಕ್ಕೆ ಮೈಸೂರಿನ ಸೆಷನ್ಸ್ ಕೋರ್ಟಿನ ಮೇಲ್ಮನವಿಯಲ್ಲಿ ಜಾಗವಿಲ್ಲ. ಕಡಿಮೆ ಶಿಕ್ಷೆಗೆ ಮಾತಾಡಿಕೊಂಡು ತಪ್ಪೊಪ್ಪುವ, 2006ರಲ್ಲಿ ಬಂದ ‘ಪ್ಲೀ ಬಾರ್ಗೇನಿಂಗ್’ ಇನ್ನೂ ಬಿಗಿ. ಅಲ್ಲಿ ಮಾಮೂಲು ಮೇಲ್ಮನವಿಯೇ ಇಲ್ಲ. ಹೈಕೋರ್ಟಿನ ರಿಟ್, ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಅರ್ಜಿ ಇವಷ್ಟೇ ಉಳಿಯುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2019ರಿಂದ, ಕೊಲೆ ಕೇಸಿನಲ್ಲಿ ತಪ್ಪೊಪ್ಪಿದ ಕೆಲವರಿಗೂ ಮರುಶಿಕ್ಷೆ ಕೋರುವ ಅರ್ಜಿಗೆ ಅವಕಾಶವಿದೆ. ಅದು ತಿರಸ್ಕೃತವಾದರೆ ಮೇಲ್ಮನವಿಯೂ ಉಂಟು. ನಮ್ಮಲ್ಲಿ ಅಂಥ ಕಾನೂನಿಲ್ಲ.

ಈ ಬಿಗಿಗೆ ಸಮರ್ಥನೆಯೂ ಇದೆ. ಒಪ್ಪಿದವರೆಲ್ಲ ಮನಸ್ಸು ಬದಲಿಸಿದರೆ ಯಾವ ಕೇಸೂ ಮುಗಿಯದು. ಸಣ್ಣಪುಟ್ಟ ಕೇಸುಗಳಲ್ಲಿ ಬೇಗ ಬಿಡುಗಡೆಯಾಗುವುದು ಬಡವನಿಗೂ ಅನುಕೂಲವೇ. ಆದರೆ ಒಪ್ಪಿಗೆ ಅರಿತು ಕೊಟ್ಟದ್ದಾದರೆ ಮಾತ್ರ ಈ ಸಮರ್ಥನೆ ನಿಲ್ಲುತ್ತದೆ.

ನಮ್ಮ ರಾಜ್ಯದ್ದೇ ತಿಪ್ಪಸ್ವಾಮಿ ಪ್ರಕರಣ ಇದಕ್ಕೆ ಸಾಕ್ಷಿ. ಅದೂ ಅಜಾಗರೂಕತೆಯ ಸಾವಿನ ಕೇಸು. ಆರೋಪಿ ತಪ್ಪೊಪ್ಪಿದ, ಕೆಳಕೋರ್ಟು ದಂಡ ಹಾಕಿತು, ಹೈಕೋರ್ಟು ಶಿಕ್ಷೆ ಹೆಚ್ಚಿಸಿತು. ಹಗುರಾಗಿ ಬಿಡುವ ಆಸೆ ತೋರಿಸಿ ಒಪ್ಪಿಸಿ, ಆಮೇಲೆ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಿತು. ಅಂಥ ಸಂದರ್ಭದಲ್ಲಿ ತೀರ್ಪು ರದ್ದುಮಾಡಿ, ಆರೋಪಿಗೆ ವಿಚಾರಣೆ ಎದುರಿಸುವ ಅವಕಾಶ ಮತ್ತೆ ಕೊಡಬೇಕು ಎಂದಿತು. ಆ ತೀರ್ಪು ದೊಡ್ಡದು, ಆದರೆ ಅರ್ಧದ್ದು. ಶಿಕ್ಷೆ ಹೆಚ್ಚಾದವನಿಗೆ ಅದು ಆಸರೆ. ದಂಡ ಕಟ್ಟಿ ಮನೆಗೆ ಹೋಗಿ, ಅಪರಾಧಿಯೆಂಬ ಹಣೆಪಟ್ಟಿಯ ಭಾರ ಆಮೇಲೆ ತಿಳಿದವನಿಗೆ ಅಷ್ಟು ಸುಲಭದ ದಾರಿ ತೋರುವುದಿಲ್ಲ.

ಮದ್ದು ಕಾನೂನಿನಲ್ಲೇ ಇದೆ. ಕಡಿಮೆ ಶಿಕ್ಷೆಯ ‘ಸಮನ್ಸ್’ ಕೇಸಿನಲ್ಲಿ ಆರೋಪಿಯ ಒಪ್ಪಿಗೆಯನ್ನು ಆದಷ್ಟೂ ಅವನದೇ ಮಾತಿನಲ್ಲಿ ಬರೆದುಕೊಳ್ಳಬೇಕು. ‘ಆರೋಪ ಒಪ್ಪಿದ್ದಾನೆ’ ಎಂಬ ಸಿದ್ಧ ಸಾಲಿನ ಬದಲು ‘ಬ್ರೇಕ್ ಹಿಡಿಯಲಿಲ್ಲ ಸ್ವಾಮಿ, ನಾನೇನು ಮಾಡ್ಲಿ, ತಪ್ಪಾಯ್ತು’ ಎಂದು ದಾಖಲಾದರೆ, ಅದು ಒಪ್ಪಿಗೆಯಲ್ಲ, ಪ್ರತಿವಾದ ಎಂದು ಓದಿದ ಯಾರಿಗಾದರೂ ಗೊತ್ತಾಗುತ್ತದೆ.

ಆದ್ದರಿಂದ ತಪ್ಪೊಪ್ಪುವ ಪದ್ಧತಿ ಇರಲಿ, ಅವಸರ ಬೇಡ. ವಕೀಲರಿಲ್ಲದವರು ಬಾಯಿಬಿಡುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಲಿ. ಈಗಾಗಲೇ ಒಪ್ಪಿ ಶಿಕ್ಷೆ ಹೆಚ್ಚೆನಿಸಿದವರು ನೆನಪಿಡಲಿ: ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು ಇರುವ ಗಡುವು 30 ದಿನ.