ಕ್ಷೇತ್ರವಾರು ಚುನಾವಣೆ ಮತ್ತು ಪ್ರಮಾಣಾನುಗುಣ ಪ್ರಾತಿನಿಧ್ಯ: ಹಾವೇರಿ ಜಿಲ್ಲೆಯ ನಿದರ್ಶನ

ಹಾವೇರಿ ಜಿಲ್ಲೆಯಲ್ಲಿ ಹಾನಗಲ್ಲ, ಶಿಗ್ಗಾವಿ, ಹಾವೇರಿ, ಬ್ಯಾಡಗಿ, ಹಿರೇಕೆರೂರು, ರಾಣೆಬೆನ್ನೂರು ಎಂಬ ಆರು ವಿಧಾನಸಭಾ ಕ್ಷೇತ್ರಗಳಿವೆ. ಪ್ರತಿ ಕ್ಷೇತ್ರಕ್ಕೂ ಒಬ್ಬರೇ ಶಾಸಕರು. ಎಲ್ಲರಿಗಿಂತ ಹೆಚ್ಚು ಮತ ಪಡೆದವರದೇ ಗೆಲುವು. 2018ರಲ್ಲಿ ಹಿರೇಕೆರೂರಿನಲ್ಲಿ ಕಾಂಗ್ರೆಸ್ಸಿನ ಬಿ.ಸಿ. ಪಾಟೀಲರಿಗೆ 72,461 ಮತ, ಬಿಜೆಪಿಯ ಯು.ಬಿ. ಬಣಕಾರರಿಗೆ 71,906 ಮತ ಬಿದ್ದವು. 555 ಮತಗಳ ಅಂತರದಿಂದ ಕ್ಷೇತ್ರ ಪೂರ್ತಿಯಾಗಿ ಒಂದೇ ಪಕ್ಷದ ಪಾಲಾಯಿತು.

ರಾಜ್ಯಮಟ್ಟದಲ್ಲಿ ಈ ಪದ್ಧತಿ ಫಲಿತಾಂಶವನ್ನು ತಿರುವುಮುರುವು ಮಾಡಬಲ್ಲದು. ಅದೇ ವರ್ಷ ಮೇ ತಿಂಗಳಲ್ಲಿ 222 ಕ್ಷೇತ್ರಗಳಿಗೆ ನಡೆದ ಮತದಾನದಲ್ಲಿ ಕಾಂಗ್ರೆಸ್ ಸುಮಾರು ಶೇ 38ರಷ್ಟು ಮತ ಪಡೆದೂ 78 ಸ್ಥಾನಕ್ಕೆ ಸೀಮಿತವಾಯಿತು. ಸುಮಾರು ಶೇ 36ರಷ್ಟು ಮತ ಪಡೆದ ಬಿಜೆಪಿ 104 ಗೆದ್ದಿತು. ಹಾವೇರಿಯಲ್ಲಿ 2023ರಲ್ಲಿ ಕಾಂಗ್ರೆಸ್ ಐದು ಸ್ಥಾನ ಗಳಿಸಿತು. 2024ರ ಶಿಗ್ಗಾವಿ ಉಪಚುನಾವಣೆಯ ನಂತರ ಆರೂ ಅದರ ಕೈಸೇರಿದವು. ಆ ಉಪಚುನಾವಣೆಯಲ್ಲೇ ಬಿಜೆಪಿಗೆ ಎಂಬತ್ತು ಸಾವಿರಕ್ಕೂ ಹೆಚ್ಚು ಮತ ಬಿದ್ದಿದ್ದರೂ ಜಿಲ್ಲೆಯಿಂದ ಆ ಪಕ್ಷದ ಶಾಸಕರೊಬ್ಬರೂ ಉಳಿಯಲಿಲ್ಲ.

ಮತಗಳ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಕೊಡುವ ಪ್ರಮಾಣಾನುಗುಣ ಪದ್ಧತಿ ಈ ಕೊರತೆಯನ್ನು ತುಂಬುತ್ತದೆ. ಆರೂ ಸ್ಥಾನಗಳನ್ನು ಒಂದೇ ಕ್ಷೇತ್ರವಾಗಿಸಿ, ಮತದಾರರು ಅಭ್ಯರ್ಥಿಗಳಿಗೆ ಆದ್ಯತೆಯ ಕ್ರಮ ಕೊಡುವ ಪ್ರಾಶಸ್ತ್ಯ ಮತದಿಂದ ಆರಿಸಿದರೆ, ಏಳನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮತ ಪಡೆದವರಿಗೆ ಒಂದು ಸ್ಥಾನ ಖಚಿತ. ಇದು ಹೊಸದೇನಲ್ಲ: ಶಾಸಕರು ರಾಜ್ಯಸಭೆಗೆ ಸದಸ್ಯರನ್ನು ಕಳಿಸುವುದು ಈ ಕ್ರಮದಲ್ಲೇ.

ಆದರೆ ಕ್ಷೇತ್ರವಾರು ಪದ್ಧತಿಯ ಹಿರಿಮೆ ಸಣ್ಣದಲ್ಲ. ಕೆರೆ, ರಸ್ತೆ, ಬೆಳೆ ಪರಿಹಾರಕ್ಕಾಗಿ ಹಾನಗಲ್ಲಿನ ರೈತ ಯಾರ ಬಾಗಿಲು ತಟ್ಟಬೇಕೆಂಬುದು ಸ್ಪಷ್ಟ. ಜಿಲ್ಲೆಯೇ ಒಂದು ಕ್ಷೇತ್ರವಾದರೆ ಹೊಣೆ ಆರು ಜನರಲ್ಲಿ ಹಂಚಿಹೋಗುತ್ತದೆ. ಪಕ್ಷಕ್ಕೆ ಮತ ಹಾಕಿ ಅದರ ಪಟ್ಟಿಯಿಂದ ಸದಸ್ಯರನ್ನು ಆರಿಸುವ ಪಟ್ಟಿ ಪದ್ಧತಿಯಾದರೆ ಅಭ್ಯರ್ಥಿಯ ಭವಿಷ್ಯ ಪಕ್ಷದ ವರಿಷ್ಠರ ಕೈಗೆ ಹೋಗುತ್ತದೆ. ಜನರಲ್ಲಿ ಅಕ್ಷರಜ್ಞಾನ ಕಡಿಮೆ, ಸದನ ಚೂರುಚೂರಾದರೆ ಸರ್ಕಾರ ನಿಲ್ಲದು ಎಂದು 1949ರ ಜನವರಿಯಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರ್ ಪ್ರಮಾಣಾನುಗುಣ ಪದ್ಧತಿಯನ್ನು ಒಪ್ಪಲಿಲ್ಲ. ಸಾಕ್ಷರತೆಯ ಮಾತು ಇಂದು ಅಷ್ಟು ಬಲವಾಗಿಲ್ಲ. ಸ್ಥಿರತೆಯ ಮಾತಿಗೆ ಈಗಲೂ ತೂಕವಿದೆ.

ಕ್ಷೇತ್ರದ ನಂಟೂ ಎಲ್ಲೆಡೆ ಗಟ್ಟಿಯಲ್ಲ. ಸವಣೂರು ಪಟ್ಟಣದ ಮತದಾರರಿಗೆ ಜಿಲ್ಲಾಡಳಿತ ಹಾವೇರಿಯದು, ಶಾಸಕರು ಶಿಗ್ಗಾವಿ ಕ್ಷೇತ್ರದವರು, ಸಂಸದರು ಧಾರವಾಡ ಲೋಕಸಭಾ ಕ್ಷೇತ್ರದವರು. ಜಿಲ್ಲೆಯ ಉಳಿದ ಐದು ಕ್ಷೇತ್ರಗಳು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ.

ಹೀಗಾಗಿ ಮಿಶ್ರ ಪದ್ಧತಿಯೇ ಹೆಚ್ಚು ನ್ಯಾಯವಾದದ್ದು. ಜರ್ಮನಿಯಲ್ಲೂ 1996ರಿಂದ ನ್ಯೂಜಿಲೆಂಡ್‌ನಲ್ಲೂ ಮತದಾರರಿಗೆ ಎರಡು ಮತ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಭಾರತದ ಕಾನೂನು ಆಯೋಗವೂ 1999ರ ವರದಿಯಲ್ಲಿ ಈಗಿನ ಸ್ಥಾನಗಳನ್ನು ಉಳಿಸಿಕೊಂಡು, ಶೇ 25ರಷ್ಟು ಹೆಚ್ಚುವರಿ ಸ್ಥಾನಗಳನ್ನು ಪಟ್ಟಿಯಿಂದ ತುಂಬಲು ಸೂಚಿಸಿತ್ತು. ಹಾಗಾದಲ್ಲಿ ಹಿರೇಕೆರೂರಿಗೆ ತನ್ನದೇ ಶಾಸಕರಿರುತ್ತಾರೆ, ಸೋತ ಪಕ್ಷಕ್ಕೆ ಬಿದ್ದ ಮತಕ್ಕೂ ಸದನದಲ್ಲಿ ಬೆಲೆ ಸಿಗುತ್ತದೆ.