ಎರರ್ ಮೆಸೇಜಿಗೂ ಒಂದು ವಿಮರ್ಶೆ

ಕಥೆ, ಕವಿತೆಗೆ ವಿಮರ್ಶೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಎರರ್ ಮೆಸೇಜಿಗೆ? ಅದನ್ನೂ ಯಾರೋ ಕೂತು ಬರೆದಿರ್ತಾರೆ ಸ್ವಾಮಿ.

ಗ್ರೋಮ್ಯಾಕ್ಸ್ ತಗೊಳ್ಳಿ. ಪ್ರೋಟೀನಿನಂಥ ಅಣುಗಳ ಅಲುಗಾಟವನ್ನು ಲೆಕ್ಕ ಹಾಕುವ ಈ ತಂತ್ರಾಂಶ ಹುಟ್ಟಿದ್ದು ನೆದರ್‌ಲ್ಯಾಂಡ್ಸಿನ ಗ್ರೋನಿಂಗೆನ್ ವಿಶ್ವವಿದ್ಯಾಲಯದಲ್ಲಿ. ಸೋರ್ಸಿನಿಂದ ಕಂಪೈಲ್ ಮಾಡುವಾಗ ಇದು ಎಫ್‌ಎಫ್‌ಟಿಡಬ್ಲ್ಯೂ ಎಂಬ ಲೈಬ್ರರಿಯನ್ನು ಹುಡುಕುತ್ತೆ. ಆ ಲೈಬ್ರರಿಯನ್ನು ಸುಮ್ಮನೆ ಬಿಲ್ಡ್ ಮಾಡಿದರೆ ಸಿಗೋದು ಡಬಲ್ ಪ್ರಿಸಿಷನ್. ಗ್ರೋಮ್ಯಾಕ್ಸ್ ಮಾಮೂಲಾಗಿ ಕೇಳೋದು ಸಿಂಗಲ್. ‘ಇದೆಯಲ್ಲ, ಮತ್ಯಾಕೆ ಸಿಗ್ತಿಲ್ಲ’ ಅಂತ ನಾವು ತಲೆ ಕೆರೆದುಕೊಳ್ಳುವ ಮೊದಲೇ, ಸರಿಯಾದ ಪ್ರಿಸಿಷನ್ನಿನದು ಬೇಕು, ಅದರ ಹೆಸರು ಇಂಥದ್ದು ಅಂತ ಮೆಸೇಜೇ ಹೇಳಿಬಿಡುತ್ತೆ. ‘ಎನೇಬಲ್ ಫ್ಲೋಟ್’ ಆಯ್ಕೆ ಕೊಟ್ಟು ಲೈಬ್ರರಿಯನ್ನು ಮತ್ತೆ ಬಿಲ್ಡ್ ಮಾಡಿದರೆ ಆಯ್ತು. ನಮ್ಮೂರಲ್ಲಿ ದಾರಿ ಹೇಳೋದೂ ಹೀಗೇ: ಹುಣಸೆಮರ ದಾಟಿ, ಎಡಕ್ಕೆ.

ಆಟೋಕಾನ್ಫ್ ಸ್ಕ್ರಿಪ್ಟುಗಳದ್ದು ಬೇರೆ ಜಾತಿ. ‘ಸಿ ಕಂಪೈಲರಿಗೆ ಎಕ್ಸಿಕ್ಯೂಟಬಲ್ ತಯಾರಿಸೋಕಾಗಲ್ಲ’ ಅಂತ ಬಾಗಿಲು ಹಾಕಿಕೊಳ್ಳುತ್ತವೆ. ಅಸಲಿ ಕಾರಣ ಕಾನ್ಫಿಗ್ ಲಾಗ್ ಫೈಲಿನ ನೂರಾರು ಸಾಲುಗಳ ನಡುವೆ ಹೂತಿರುತ್ತೆ. ಹೋಗಲಿ, ಅದು ಲಾಗ್ ನೋಡು ಅಂತಾದರೂ ಹೇಳುತ್ತೆ.

ನನ್ನ ತಕರಾರು ಸಿಮೇಕ್‌ನ ಮೌನದ ಬಗ್ಗೆ. ಮೊದಲ ಸಲ ಕಂಡ ಕಂಪೈಲರನ್ನು ಅದು ಬರೆದಿಟ್ಟುಕೊಳ್ಳುತ್ತೆ. ಆಮೇಲೆ ನೀವು ಸಿಸಿ ವೇರಿಯಬಲ್ ಬದಲಿಸಿ ಮತ್ತೆ ಓಡಿಸಿದರೂ ಹಳೆಯದನ್ನೇ ಹಿಡಿದುಕೊಂಡು ತೆಪ್ಪಗಿರುತ್ತೆ. ಬಿಲ್ಡ್ ಫೋಲ್ಡರನ್ನೇ ಅಳಿಸಿ ಶುರು ಮಾಡಬೇಕು. ರೂಟ್ ಪಾಸ್‌ವರ್ಡ್ ಇಲ್ಲದ ಕ್ಲಸ್ಟರಿನಲ್ಲಿ ನಡುರಾತ್ರಿ ಒಬ್ಬಳೇ ಒದ್ದಾಡುವ ಪಿಎಚ್‌ಡಿ ಹುಡುಗಿಗೆ ಇದನ್ನು ಹೇಳೋರು ಯಾರು? ತಾನೇ ದಡ್ಡಿ ಅಂದುಕೊಳ್ತಾಳೆ. ‘ಹಳೇ ಕಂಪೈಲರನ್ನೇ ಬಳಸ್ತಿದ್ದೀನಿ’ ಅಂತ ಒಂದು ಸಾಲು ಪ್ರಿಂಟ್ ಮಾಡೋಕೆ ಏನು ಖರ್ಚು?