ಟ್ಯೂಬ್‌ಲೈಟ್ ಕೆಳಗೆ ಮಾರ್ವಾ

ಉಸ್ತಾದ್ ಅಮೀರ್ ಖಾನ್ ಅವರದೊಂದು ಹಳೇ ಎಲ್‌ಪಿ ಇದೆ. ಒಂದು ಬದಿ ಮಾರ್ವಾ, ತಿರುಗಿಸಿದರೆ ದರ್ಬಾರಿ. ಮಾರ್ವಾ ಸೂರ್ಯ ಮುಳುಗೋ ಹೊತ್ತಿನ ರಾಗ, ದರ್ಬಾರಿ ತಡರಾತ್ರಿಯದು. ಪ್ಲೇಟು ತಿರುಗಿಸೋದ್ರಲ್ಲಿ ಅಷ್ಟು ಗಂಟೆ ಕಳೆದುಹೋಗುತ್ತೆ! ನಾನು ಕೇಳೋದು ಫೋನಿನಲ್ಲಿ. ಅಲ್ಲಿ ತಿರುಗಿಸೋ ಪುರುಸೊತ್ತೂ ಇಲ್ಲ.

ಮಾರ್ವಾದಂಥ ರಾಗಗಳನ್ನು ಹಿಂದುಸ್ತಾನಿಯಲ್ಲಿ ಸಂಧಿಪ್ರಕಾಶ ರಾಗಗಳು ಅಂತಾರೆ. ಹೆಸರಲ್ಲೇ ಬೆಳಕಿದೆ, ಹಗಲು ರಾತ್ರಿ ಕೂಡುವ ಹೊತ್ತಿನ ಬೆಳಕು. ಮಾರ್ವಾದಲ್ಲಿ ಪಂಚಮ ಇಲ್ಲ. ಷಡ್ಜಕ್ಕೂ ಗಾಯಕರು ಬೇಗ ಬರೋದಿಲ್ಲ. ಕೋಮಲ ರಿಷಭ, ಧೈವತಗಳ ಸುತ್ತಲೇ ಇರ್ತಾರೆ. ಕತ್ತಲಾಗ್ತಿದೆ, ಮನೆ ಇನ್ನೂ ಸಿಕ್ಕಿಲ್ಲ ಅನ್ನೋ ತಳಮಳ ಅದು.

ಈ ತಳಮಳವನ್ನು ನಾನು ವರ್ಷಗಟ್ಟಲೆ 6500 ಕೆಲ್ವಿನ್‌ನ ಬಿಳೀ ಟ್ಯೂಬ್‌ಲೈಟ್ ಕೆಳಗೆ ಕೇಳಿದ್ದೇನೆ. ಅದು ಹಗಲಿನ ಬಣ್ಣ. ಕಿವಿ ‘ಸಂಜೆ’ ಅಂದರೆ ಕಣ್ಣು ‘ಇನ್ನೂ ಆಫೀಸು’ ಅನ್ನುತ್ತೆ. ಮಡಚದ ಬಟ್ಟೆ, ತೊಳೆಯದ ಲೋಟ, ಮುಚ್ಚದ ಲ್ಯಾಪ್‌ಟಾಪ್ ಎಲ್ಲ ಕಾಣುತ್ತೆ. ಹತ್ತು ನಿಮಿಷಕ್ಕೆ ಎದ್ದುಬಿಡ್ತೀನಿ.

ಅದಕ್ಕೇ ಬಣ್ಣ ಬದಲಿಸೋ ಸ್ಮಾರ್ಟ್ ಬಲ್ಬ್ ತಂದೆ. ಸಂಗೀತಕ್ಕೆ ತಕ್ಕಂತೆ ಮಿನುಗುವ ಮೋಡ್ ಬೇರೆ ಇತ್ತು. ಪಾರ್ಟಿ ಹಾಡಿಗೆ ಸರಿ. ಆದರೆ ಅದಕ್ಕೆ ತಿಳಿಯೋದು ಸದ್ದಿನ ಏರಿಳಿತ ಮಾತ್ರ. ಅತಿ ವಿಳಂಬಿತದ 14 ಮಾತ್ರೆಯ ಝೂಮ್ರಾದಲ್ಲಿ ತಬಲಾ ಪೆಟ್ಟು ಬಿದ್ದಾಗೆಲ್ಲ ಫಳಕ್ ಅಂತಿತ್ತು. ಖಾನ್ ಸಾಹೇಬರು ಮಂದ್ರದಲ್ಲಿ ಒಂದೇ ಸ್ವರ ಹಿಡಿದು ನಿಂತಾಗ, ಅಂದರೆ ರಾಗ ನಿಜಕ್ಕೂ ಬಿಚ್ಚಿಕೊಳ್ಳುವಾಗ, ಬಲ್ಬ್ ಸುಮ್ಮನೆ! ನಾನು ಹಾಡು ಬಿಟ್ಟು ಬಲ್ಬ್ ನೋಡ್ತಾ ಕೂತೆ.

ಕೊನೆಗೆ ಎಲ್ಲ ಆರಿಸಿ, ಬೆನ್ನ ಹಿಂದೆ 2700 ಕೆಲ್ವಿನ್‌ನ ಒಂದು ಸಣ್ಣ ದೀಪ ಇಟ್ಟೆ. ಅವತ್ತು ಮಾರ್ವಾ ಮುಗಿಯೋವರೆಗೂ ಏಳಲಿಲ್ಲ.

ಹಾಗಂತ ಎಲ್ಲ ಕ್ರೆಡಿಟ್ ದೀಪಕ್ಕೆ ಕೊಡೋದು ಬೇಡ. ರೆಕಾರ್ಡಿಂಗ್ ಸ್ಟುಡಿಯೋದೊಳಗೆ ಸೂರ್ಯ ಮುಳುಗೋದಿಲ್ಲ; ಸಂಜೆಯನ್ನು ತಂದದ್ದು ಅವರ ದನಿಯೇ. ದೀಪದಿಂದ ರಾಗ ಚೆಂದ ಆಗಲಿಲ್ಲ, ಅದು ಅಡ್ಡ ಬರೋದನ್ನು ನಿಲ್ಲಿಸಿತು ಅಷ್ಟೆ.

ಆದರೆ ಅಷ್ಟೇ ನಮಗೆ ದೊಡ್ಡದು. ಅಜ್ಜಿಗೆ ಸಂಜೆ ಅಂದರೆ ದೀಪ ಹಚ್ಚೋ ಹೊತ್ತು. ನಮಗೆ ಆ ಹೊತ್ತಲ್ಲಿ ಯಾವುದೋ ಕಾಲ್ ಇರುತ್ತೆ, ಕಿಟಕಿಗೆ ಬ್ಲೈಂಡ್ಸ್ ಇಳಿದಿರುತ್ತೆ. ಮುಸ್ಸಂಜೆ ನೋಡಿ ಎಷ್ಟು ದಿನ ಆಯ್ತು ಅಂತ ನನಗೆ ಹೊಳೆದದ್ದೇ ಈ ಹಾಡು ಕೇಳುವಾಗ. ಇವತ್ತು ಮನೆಗೆ ಹೋದಮೇಲೆ ದೊಡ್ಡ ಲೈಟ್ ಆರಿಸಿ ಒಮ್ಮೆ ಕೇಳಿ ನೋಡಿ. ದರ್ಬಾರಿ ನಾಳೆಗಿರಲಿ.